ಅಜ್ಜನ ಪ್ಲಾಸ್ಟಿಕ್ ಕವರು

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದಿದೆ. ಹದಿನೆಂಟನೇ ದಿನ ಮದ್ದುತೊಪ್ಪು ಎಂಬ ಔಷಧಿ ಸೊಪ್ಪು ಕುದಿಸಿ, ಆ ನೇರಳೆ ನೀರಲ್ಲಿ ಪಾಯಸ ಮಾಡುತ್ತೇವೆ. ಮಾರನೇ ದಿನ ಮೂತ್ರ ಕೆಂಪಗೆ ಹೋದರೆ ಯಾರೂ ಗಾಬರಿಯಾಗುವುದಿಲ್ಲ. ಮದ್ದು ಮೈಗೆ ಹಿಡಿಯಿತು ಅಂತ ನಗುತ್ತಾರೆ. ಬಣ್ಣ ತೋರಿಸುವ ಮದ್ದಾದರೆ ಸುಲಭ, ಅಲ್ವಾ? ಕೆಲವು ಮದ್ದು ಸದ್ದಿಲ್ಲದೆ ಹೃದಯದ ಬಡಿತಕ್ಕೆ ಕೈ ಹಾಕುತ್ತವೆ. ಇವತ್ತಿನ ಮಾತು ಅದರ ಬಗ್ಗೆ.

2020ರ ಮಾರ್ಚ್‌ನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹೆಸರು ಕಾಫಿ ಕಣದಲ್ಲೂ ಕೇಳಿಬರುತ್ತಿತ್ತು. ಮಲೇರಿಯಾಕ್ಕೆ, ಕೀಲುವಾತಕ್ಕೆ ಕೊಡುವ ಹಳೇ ಮಾತ್ರೆ ಅದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರ್ಚ್ 28ರಂದು ಕೋವಿಡ್‌ಗೆ ಅದನ್ನು ಕೊಡಲು ತುರ್ತು ಅನುಮತಿ ನೀಡಿತು. ಜೂನ್ 15ಕ್ಕೆ ವಾಪಸ್ ಪಡೆಯಿತು. ಕೋವಿಡ್‌ಗೆ ಉಪಯೋಗ ಕಾಣಲಿಲ್ಲ, ಬಡಿತ ಕೆಡುವ ಭಯ ಉಳಿಯಿತು. ಜೊತೆಗೆ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಸೇರಿದರೆ ಭಯ ಇನ್ನೂ ಜಾಸ್ತಿ. ಇದೇ ಬಳಗದ ಕ್ವಿನಿಡಿನ್ ಅನ್ನು ಹಿಂದೆ ಬಡಿತ ಸರಿಮಾಡಲೆಂದೇ ಕೊಡುತ್ತಿದ್ದರು. ಕೆಲವರು ಅದನ್ನು ನುಂಗಿ ಎಚ್ಚರ ತಪ್ಪಿ ಬೀಳುತ್ತಿದ್ದರು. ಹಾಗಾಗಿ ವೈದ್ಯರಿಗೆ ಇದು ಹೊಸ ಕಥೆ ಆಗಿರಲಿಲ್ಲ. ಅವಸರದಲ್ಲಿ ಮರೆತಿದ್ದೆವು, ಅಷ್ಟೇ.

ಆಗುವುದೇನು? ಹೃದಯ ಒಮ್ಮೆ ಮಿಡಿದ ಮೇಲೆ ಮತ್ತೆ ಚಾರ್ಜ್ ಆಗಬೇಕು. ಇಸಿಜಿಯ ಗುಲಾಬಿ ಕಾಗದದಲ್ಲಿ, ಮಿಡಿತ ಶುರುವಾದಲ್ಲಿಂದ ಚಾರ್ಜ್ ಮುಗಿಯುವವರೆಗಿನ ಹೊತ್ತನ್ನು ಕ್ಯೂಟಿ ಅಂತ ಅಳೆಯುತ್ತೇವೆ. ಈಗ ಹೇಳಿದ ಮಾತ್ರೆಗಳು ಈ ಹೊತ್ತನ್ನು ಉದ್ದ ಮಾಡಬಲ್ಲವು. ಸಾಸಿವೆ ಕಾಳಿನಷ್ಟು ಸಣ್ಣ ಚೌಕಗಳು, ಒಂದೊಂದೂ 40 ಮಿಲಿಸೆಕೆಂಡು. ಹತ್ತು, ಹನ್ನೊಂದು ಚೌಕ ಆದರೆ ನೆಮ್ಮದಿ. ಹನ್ನೆರಡೂವರೆ, ಅಂದರೆ 500 ಮಿಲಿಸೆಕೆಂಡು ದಾಟಿದರೆ ನಮ್ಮ ಕೈ ನಡುಗುತ್ತದೆ. ಬಡಿತದ ವೇಗ ನೋಡಿ ಲೆಕ್ಕ ಸ್ವಲ್ಪ ಸರಿಮಾಡಬೇಕು, ಇರಲಿ. ಚಾರ್ಜ್ ಮುಗಿಯುವ ಮೊದಲೇ ಇನ್ನೊಂದು ಮಿಡಿತ ಬಂದು ತಾಗಿದರೆ ಹೃದಯ ಸುಮ್ನೆ ಅದುರಲು ಶುರುಮಾಡುತ್ತದೆ, ರಕ್ತ ಹೊರಗೆ ದೂಡುವುದಿಲ್ಲ. ರೋಗಿ ಬೀಳುತ್ತಾನೆ.

ಎರಡನೇ ಅಲೆಯಲ್ಲಿ ನಾಪೋಕ್ಲು ಕಡೆಯಿಂದ ಒಬ್ಬ ಅಜ್ಜ ಬಂದರು. ಮಿಲಿಟರಿಯಲ್ಲಿದ್ದವರು, ಜ್ವರದಲ್ಲೂ ಬೆನ್ನು ನೆಟ್ಟಗೆ. ಇಸಿಜಿಯಲ್ಲಿ ಹದಿಮೂರು ಚೌಕ. ಕೋವಿಡ್‌ಗೆಂದು ತೆಗೆದುಕೊಂಡ ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡೇ ದಿನದ್ದು, ಇಷ್ಟು ಹೇಗೆ? "ಬೇರೇನು ತಗೊಳ್ತಾ ಇದ್ದೀರಿ ಅಜ್ಜ?" ಎಂದೆ. "ಏನೂ ಇಲ್ಲ ಡಾಕ್ಟ್ರೇ" ಎಂದರು. ಅಷ್ಟರಲ್ಲಿ ಮೊಮ್ಮಗಳು ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲೆ ಸುರಿದಳು. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ. ವಾಂತಿಗೆ ಆಂಡಾನ್ಸೆಟ್ರಾನ್, ಅದೂ ಕ್ಯೂಟಿ ಉದ್ದ ಮಾಡುವಂಥದ್ದೇ. ಗೋಣಿಕೊಪ್ಪದಲ್ಲಿ ಯಾರೋ ಬರೆದುಕೊಟ್ಟ ಅಜಿತ್ರೋಮೈಸಿನ್, ಅರ್ಧ ಖಾಲಿಯಾದ ಶೀಟು. ಮೇಲೆ ನಾಲ್ಕು ದಿನದ ಭೇದಿ. ಬಿಪಿ ಮಾತ್ರೆಯೂ ಭೇದಿಯೂ ಸೇರಿ ರಕ್ತದ ಪೊಟ್ಯಾಸಿಯಂ ಇಳಿಸಿದ್ದವು. ಪೊಟ್ಯಾಸಿಯಂ ಇಳಿದರೆ ಚಾರ್ಜ್ ಇನ್ನೂ ನಿಧಾನ. ಕ್ಯೂಟಿ ಉದ್ದ ಮಾಡುವ ಮೂರೂ ಮಾತ್ರೆ ನಿಲ್ಲಿಸಿದೆವು, ಪೊಟ್ಯಾಸಿಯಂ ಕೊಟ್ಟೆವು. ಮೂರನೇ ದಿನ ಹನ್ನೊಂದು ಚೌಕ.

ಬೇರೆ ಮದ್ದುಗಳ ದಾರಿ ಬೇರೆ. ಕೋವಿಡ್‌ಗೆ ಕೊಡುವ ರೆಮ್‌ಡೆಸಿವಿರ್ ಕೆಲವರ ನಾಡಿಯನ್ನು ನಿಧಾನ ಮಾಡುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡ್‌ನಲ್ಲಿ ನಿಪಾ ವೈರಸ್ ಬಂದಾಗ ರೋಗಿಗಳಿಗೆ ಕೊಟ್ಟ ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ರಕ್ತ ಕಮ್ಮಿಯಾದರೆ ಮೊದಲೇ ಸೋತ ಹೃದಯಕ್ಕೆ ದುಡಿಮೆ ಹೆಚ್ಚು. ಪ್ಯಾಕ್ಸ್‌ಲೋವಿಡ್ ಎಂಬ ಕೋವಿಡ್ ಮಾತ್ರೆಯಲ್ಲಿರುವ ರಿಟೊನಾವಿರ್ ಲಿವರ್‌ನಲ್ಲಿ ಬೇರೆ ಮಾತ್ರೆಗಳು ಕರಗುವುದನ್ನು ತಡೆಯುತ್ತದೆ. ಆಗ ಕೊಲೆಸ್ಟ್ರಾಲ್, ಬಿಪಿ ಮಾತ್ರೆಗಳಲ್ಲಿ ಕೆಲವು ಮಾಮೂಲಿ ಪ್ರಮಾಣದಲ್ಲೇ ಅತಿಯಾಗುತ್ತವೆ. ಸ್ಟೀರಾಯ್ಡ್ ಸಕ್ಕರೆ, ಬಿಪಿ ಏರಿಸುತ್ತದೆ. ಆದರೂ ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳ ಜೀವ ಉಳಿಸಿದ್ದೂ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡೇ.

ಎಲ್ಲ ತಪ್ಪನ್ನೂ ಮದ್ದಿನ ಮೇಲೆ ಹೊರಿಸಲೂ ಆಗದು. ವೈರಸ್ಸೇ ಹೃದಯದ ಸ್ನಾಯುವಿಗೆ ಉರಿಯೂತ ತರಬಲ್ಲದು. ಕೀಲುವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿರುವವರು ಇದನ್ನು ಕೇಳಿ ನಾಳೆ ಬಿಟ್ಟುಬಿಡಬೇಡಿ. ನಿಮ್ಮ ವೈದ್ಯರನ್ನು ಕೇಳಿ.

ಚಿಕಿತ್ಸೆ ನಡೆಯುವಾಗ ತಲೆ ತಿರುಗಿ ಕಣ್ಣು ಕತ್ತಲೆ ಬಂದರೆ, ಎದೆ ಡವಡವ ಎಂದರೆ, ಒಮ್ಮೆ ಎಚ್ಚರ ತಪ್ಪಿದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮಳೆಗೆ ನೆಟ್‌ವರ್ಕ್ ಹೋಗಿದ್ದರೆ ತೋಟದ ಜೀಪಾದರೂ ಸರಿ, ಹೊರಡಿ. ಹೊರಡುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ. ಕಷಾಯದ ಪುಡಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ಎಲ್ಲವೂ.

ಅಜ್ಜ ಈಗಲೂ ತಪಾಸಣೆಗೆ ಬರುತ್ತಾರೆ. ನಾನು ಕೇಳುವ ಮೊದಲೇ ಕವರು ಮೇಜಿನ ಮೇಲೆ ಇರುತ್ತದೆ. ಹೋದ ಸಲ ಅದರೊಳಗೆ ನನಗೆ ಅಂತ ಒಂದು ಪೊಟ್ಟಣ ಕರಿಮೆಣಸೂ ಇತ್ತು.