ಭರಣಿಯ ಉಪ್ಪುನೀರು

ಶ್ರೋತೃಗಳಿಗೆ ನಮಸ್ಕಾರ.

ಸಾಣಿಕಟ್ಟೆಯ ಆಗರಗಳ ಉಪ್ಪುಂಡು ಬೆಳೆದವರು ನಾವು. 1930ರಲ್ಲಿ ಅಂಕೋಲೆಯ ಜನ ಉಪ್ಪಿಗಾಗಿ ಕಾನೂನನ್ನೇ ಮುರಿದರು. ಆದರೂ ನನ್ನ ಮುಂದೆ ಕುಳಿತಿದ್ದ ಮಹಿಳೆಯ ಮೈ ಉಪ್ಪಿಗಾಗಿ ಹಂಬಲಿಸುತ್ತಿದೆ ಎಂಬುದು ನನಗೆ ಹೊಳೆಯಲಿಲ್ಲ.

ಆಕೆ ಬಂದದ್ದು ಮಂಡಿನೋವಿಗೆ. ವಯಸ್ಸು ನಲವತ್ತರ ಆಸುಪಾಸು. ಊದಿದ ಮಂಡಿ ಮುಟ್ಟಿದರೆ ಬಿಸಿ. ಸಂಧಿವಾತವೆಂದು ಮಾತ್ರೆ ಬರೆದುಕೊಟ್ಟೆ. ತಿಂಗಳಲ್ಲಿ ಮತ್ತೆ ಬಂದಾಗ ಎಕ್ಸ್‌ರೇ ತೆಗೆಸಿದೆ. ಕೀಲಿನ ಮೆತ್ತನೆಯ ಎಲುಬಿನೊಳಗೆ ಸುಣ್ಣದ ತೆಳು ಗೆರೆ! ಮುಪ್ಪಿನಲ್ಲಿ ಕಾಣುವ ಗೆರೆ ಈ ವಯಸ್ಸಿಗೇಕೆ ಎಂದು ಯೋಚಿಸುತ್ತಿದ್ದಾಗ ಜೊತೆಗೆ ಬಂದಿದ್ದ ಅತ್ತೆ ದೂರಿದರು: “ಡಾಕ್ಟರೇ, ಇವಳಿಗೆ ನೀವಾದರೂ ಹೇಳಿ. ಅಪ್ಪೆಮಿಡಿಯ ಭರಣಿಯ ಉಪ್ಪುನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾಳೆ.”

ರೋಗದ ಸುಳಿವು ಕೊಟ್ಟದ್ದು ಆ ಲೋಟ. ಕೇಳುತ್ತ ಹೋದಂತೆ ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದು, ಬೆರಳು ಸೆಟೆದುಕೊಳ್ಳುವುದು, ಒಮ್ಮೆ ಬೆಳಗ್ಗೆ ಕಾಲೆತ್ತಲಾಗದೆ ಹಾಸಿಗೆಯಲ್ಲೇ ಉಳಿದದ್ದು ಒಂದೊಂದೇ ಹೊರಬಂದವು. ರಕ್ತದೊತ್ತಡ ಕಡಿಮೆ. ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಷಿಯಂ ಎರಡೂ ಕಡಿಮೆ, ಕ್ಷಾರ ಹೆಚ್ಚು. ಮೂತ್ರದಲ್ಲಿ ಕ್ಯಾಲ್ಸಿಯಂ ಅತ್ಯಲ್ಪ. ಪೊಟ್ಯಾಸಿಯಂ ಕಳೆಯುವಂಥ ವಾಂತಿಯಿಲ್ಲ, ಮೂತ್ರ ಇಳಿಸುವ ಮಾತ್ರೆಯೂ ಇಲ್ಲ. ವಂಶವಾಹಿ ಪರೀಕ್ಷೆ ಗೀಟಲ್‌ಮನ್ ಸಿಂಡ್ರೋಮ್ ಎಂದು ಖಚಿತಪಡಿಸಿತು.

1966ರಲ್ಲಿ ಮೊದಲು ವರ್ಣಿಸಲ್ಪಟ್ಟ ಈ ಕಾಯಿಲೆ ಸುಮಾರು ನಲವತ್ತು ಸಾವಿರ ಜನರಲ್ಲಿ ಒಬ್ಬರಿಗೆ ಬರುತ್ತದೆ. ತಂದೆತಾಯಿ ಇಬ್ಬರಿಂದಲೂ ದೋಷವಿರುವ ವಂಶವಾಹಿ ಬರಬೇಕು. ಅವರು ಮಾತ್ರ ಆರೋಗ್ಯವಾಗಿಯೇ ಇರುತ್ತಾರೆ. ಮೂತ್ರಪಿಂಡದ ನಳಿಕೆಯಲ್ಲಿ ಉಪ್ಪನ್ನು ರಕ್ತಕ್ಕೆ ಮರಳಿಸುವ ಒಂದು ಬಾಗಿಲು ಕೆಟ್ಟಿರುತ್ತದೆ. ರಕ್ತದೊತ್ತಡಕ್ಕೆ ನಾವು ಕೊಡುವ ಥಯಾಜೈಡ್ ಮಾತ್ರೆ ಮುಚ್ಚುವುದೂ ಇದೇ ಬಾಗಿಲನ್ನು. ಉಪ್ಪಿನ ಬೆನ್ನಿಗೆ ಪೊಟ್ಯಾಸಿಯಂ, ಮೆಗ್ನೀಷಿಯಂ ಕೂಡ ಸೋರುತ್ತವೆ. ಮೆಗ್ನೀಷಿಯಂ ಸಾಲದೆ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಲವಣ ಕೀಲಿನಲ್ಲಿ ಹರಳುಗಟ್ಟುತ್ತದೆ. ಮಂಡಿಯ ಸುಣ್ಣದ ಗೆರೆ ಅದೇ.

ಇದರ ದಾಯಾದಿಯಾದ ಬಾರ್ಟರ್ ಸಿಂಡ್ರೋಮ್ ಹಲವೊಮ್ಮೆ ಗರ್ಭದಲ್ಲೇ ಕಾಣಿಸಿಕೊಳ್ಳುತ್ತದೆ. ಶಿಶುವಿನ ಸುತ್ತ ನೀರು ವಿಪರೀತ ತುಂಬಿ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು.

ಗೀಟಲ್‌ಮನ್‌ಗೆ ಜೀವನವಿಡೀ ಪೊಟ್ಯಾಸಿಯಂ, ಮೆಗ್ನೀಷಿಯಂ ಬೇಕು; ಉಪ್ಪಿಗೆ ಕಡಿವಾಣ ಬೇಡ. ಎದೆಬಡಿತದ ಲಯ ತಪ್ಪಬಹುದಾದ್ದರಿಂದ ಇಸಿಜಿಯನ್ನೂ ನೋಡುತ್ತಿರಬೇಕು. ಇದನ್ನು ಕೇಳಿ ರಕ್ತದೊತ್ತಡದವರು ಭರಣಿಯತ್ತ ಹೊರಟೀರಿ, ಜೋಕೆ!

“ಉಪ್ಪು ತಿನ್ನಲಿ ಬಿಡಿ” ಎಂದಾಗ ಅತ್ತೆ ನನ್ನನ್ನೇ ಅನುಮಾನದಿಂದ ನೋಡಿದರು. ಮುಂದಿನ ಸಲ ನನಗೂ ಒಂದು ಬಾಟಲಿ ಮಿಡಿ ತಂದರು. ನನಗೆ ರಕ್ತದೊತ್ತಡ. ಬಾಟಲಿ ನರ್ಸಮ್ಮನ ಪಾಲಾಯಿತು.