ಸಕ್ಕರೆಯನ್ನು ಗುರುತಿಸುವ ಪಟ್ಟಿ

ಕೇಳುಗರೇ, ನಮಸ್ಕಾರ.

ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಸ್ಟ್ರಿಪ್‌ಗೆ ತಾಗಿಸಿ ಶುಗರ್ ನೋಡಿಕೊಳ್ಳುವವರು ಈಗ ಬಹಳ ಮಂದಿ. ಮೀಟರನ್ನು ಜೋಪಾನವಾಗಿ ಎತ್ತಿಡುತ್ತೇವೆ, ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದೇ ಇರುತ್ತದೆ. ಆದರೆ ಸಕ್ಕರೆಯನ್ನು ಗುರುತು ಹಿಡಿಯುವುದು ಆ ಸ್ಟ್ರಿಪ್. ಮೀಟರ್ ಅಳೆಯುವುದು ಅಲ್ಲಿಂದ ಬರುವ ಕರೆಂಟನ್ನು ಮಾತ್ರ.

ಯಾವ ರಾಸಾಯನಿಕ ಸೆನ್ಸರ್‌ನಲ್ಲೂ ಎರಡು ಕೆಲಸ ಆಗಬೇಕು. ಬೇಕಾದ ವಸ್ತುವನ್ನು ಗುರುತಿಸಬೇಕು. ಆ ಗುರುತನ್ನು ಕರೆಂಟೋ ಬಣ್ಣವೋ ಆಗಿ ತೋರಿಸಬೇಕು. ಕಷ್ಟ ಇರುವುದು ಗುರುತಿಸುವುದರಲ್ಲೇ. ಅಡುಗೆ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಇದೆಯಲ್ವಾ, ಅಂಥ ಹಲವು ಅಲಾರಂಗಳಲ್ಲಿ ಬಿಸಿ ಮಾಡಿದ ತವರದ ಆಕ್ಸೈಡ್ ಇರುತ್ತದೆ. ಗ್ಯಾಸ್ ತಾಗಿದಾಗ ಅದರ ವಿದ್ಯುತ್ ತಡೆ ಇಳಿಯುತ್ತದೆ. ಸ್ಯಾನಿಟೈಸರ್ ಆವಿ ತಾಗಿದರೂ ಇಳಿಯಬಹುದು. ಅದಕ್ಕೆ ಅಷ್ಟು ಚೆನ್ನಾಗಿ ವ್ಯತ್ಯಾಸ ತಿಳಿಯುವುದಿಲ್ಲ.

ರಕ್ತದಲ್ಲಿ ಅದು ನಡೆಯದು. ಅಲ್ಲಿ ನೂರಾರು ಬಗೆಯ ವಸ್ತುಗಳಿವೆ. ಹಾಗಾಗಿ ಜೀವಿಗಳಿಂದಲೇ ಕಿಣ್ವವನ್ನು, ಅಂದರೆ ತನಗೆ ಹೊಂದುವ ವಸ್ತುವನ್ನಷ್ಟೇ ಹಿಡಿದು ಬದಲಿಸುವ ಪ್ರೋಟೀನನ್ನು, ತಂದರು. ಹೀಗೆ ಜೀವಿಯಿಂದ ಬಂದ ವಸ್ತುವಿನಿಂದ ಗುರುತು ಹಿಡಿಯುವ ಸೆನ್ಸರೇ ಬಯೋಸೆನ್ಸರ್. ಹಲವು ಸ್ಟ್ರಿಪ್‌ಗಳಲ್ಲಿರುವ ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಆಸ್ಪರ್ಜಿಲಸ್ ನೈಜರ್ ಎಂಬ ಬೂಷ್ಟಿನಿಂದ ತೆಗೆಯುತ್ತಾರೆ. ಈರುಳ್ಳಿ ಸಿಪ್ಪೆಯ ಮೇಲೆ ಕಾಣುವ ಕಪ್ಪು ಬೂಷ್ಟು ಇದೇ ಬಳಗದ್ದು. ನನಗಂತೂ ಇದು ಇವತ್ತಿಗೂ ಬೆರಗಿನ ಸಂಗತಿ.

1962ರಲ್ಲಿ ಅಮೆರಿಕದ ವಿಜ್ಞಾನಿ ಲೀಲ್ಯಾಂಡ್ ಕ್ಲಾರ್ಕ್ ತಮ್ಮ ಜೊತೆಗಾರ ಲಯನ್ಸ್ ಜೊತೆ ಈ ದಾರಿ ತೋರಿಸಿದರು. ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್, ಅಂದರೆ ಕರೆಂಟ್ ಹಾಯುವ ಲೋಹದ ತುದಿ, ಅವರ ಬಳಿ ಮೊದಲೇ ಇತ್ತು. ಅದರ ಮೇಲೆ ತೆಳು ಪೊರೆಯ ಹಿಂದೆ ಈ ಕಿಣ್ವವನ್ನು ಕೂರಿಸುವ ಯೋಚನೆ ಅವರದು. ಕಿಣ್ವ ಗ್ಲುಕೋಸನ್ನು ಒಡೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಎಷ್ಟು ಖರ್ಚಾಯಿತು ಎಂದು ನೋಡಿದರೆ ಸಕ್ಕರೆ ಎಷ್ಟಿತ್ತು ಎಂದು ತಿಳಿಯುತ್ತದೆ. ತೊಂದರೆ ಏನೆಂದರೆ, ರಕ್ತದಲ್ಲಿ ಆಮ್ಲಜನಕವೇ ಏರಿಳಿದರೆ ಲೆಕ್ಕ ತಪ್ಪುತ್ತದೆ. 1984ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಆಮ್ಲಜನಕದ ಕೆಲಸವನ್ನು ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತಕ್ಕೆ ವಹಿಸಿದರು. ಅದು ಎಲೆಕ್ಟ್ರಾನನ್ನು ಕಿಣ್ವದಿಂದ ಎಲೆಕ್ಟ್ರೋಡ್‌ಗೆ ನೇರವಾಗಿ ದಾಟಿಸಿತು. ಕೆಲವೇ ವರ್ಷಗಳಲ್ಲಿ ಪೆನ್ನಿನಷ್ಟು ಚಿಕ್ಕ ಮೀಟರ್ ಮಾರುಕಟ್ಟೆಗೆ ಬಂತು.

ಕಿಣ್ವದ ಬದಲು ಪ್ರತಿಕಾಯವನ್ನೂ, ಅಂದರೆ ಹೊರಗಿನ ವಸ್ತುವನ್ನು ಹಿಡಿಯಲು ದೇಹ ತಯಾರಿಸುವ ಪ್ರೋಟೀನನ್ನೂ, ಬಳಸಬಹುದು. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಬಣ್ಣದ ಗೆರೆ ಅದರದೇ ಕೆಲಸ.

ಈಗ ಮತ್ತೆ ಸ್ಟ್ರಿಪ್‌ಗೆ ಬರೋಣ. ತೇವ ತಾಗಿದರೆ ಕಿಣ್ವ ಕೆಡುತ್ತದೆ. ಆದ್ದರಿಂದ ಡಬ್ಬಿಯನ್ನು ತಕ್ಷಣ ಮುಚ್ಚಿ. ಮಾವಿನಹಣ್ಣು ಹೆಚ್ಚಿದ ಕೈಯನ್ನು ಹಾಗೇ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ರಕ್ತಹೀನತೆ ಇದ್ದವರಲ್ಲಿ ಕೆಲವು ಮೀಟರ್‌ಗಳು ಜಾಸ್ತಿ ತೋರಿಸುತ್ತವೆ, ಅದನ್ನು ವೈದ್ಯರಿಗೆ ಹೇಳಿ. ಇನ್ನೊಂದು ಮಾತು. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಶುಗರ್ 100 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಮೀಟರ್ ಶೇಕಡ 15ರಷ್ಟು ಆಚೀಚೆ ತೋರಿಸಿದರೂ ಅದು ಒಪ್ಪಿತವೇ. ನಿಜವಾಗಿ 200 ಇದ್ದರೆ 170 ಬರಬಹುದು, 230 ಕೂಡ ಬರಬಹುದು. ನಿನ್ನೆ 182, ಇವತ್ತು 190 ಎಂದು ಸುಮ್ನೆ ಗಾಬರಿಯಾಗಿ ಮಾತ್ರೆ ಬದಲಿಸಬೇಡಿ.

ನಮಸ್ಕಾರ.