ಪುಸ್ತಕ ಹಂಚಿದ ಮೇಲೆ ಉಳಿಯುವ ಹನ್ನೊಂದು ತಿಂಗಳು

ನಮಸ್ಕಾರ. ಜೂನ್ ಬಂತೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಒಂದೇ ಸಡಗರ, ಉಚಿತ ಪುಸ್ತಕ ವಿತರಣೆ. ದಹಿಸರ್‌ನಿಂದ ಡೊಂಬಿವಲಿವರೆಗೆ ವೇದಿಕೆಗಳು ಸಿದ್ಧವಾಗುತ್ತವೆ, ದಾನಿಗಳಿಗೆ ಶಾಲು ಹೊದಿಸುತ್ತಾರೆ, ಮಕ್ಕಳು ಸಾಲಾಗಿ ಬಂದು ಅರ್ಧ ಡಜನ್ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತಾರೆ. ಮಳೆ ಇಳಿಯುವ ಹೊತ್ತಿಗೆ ಪ್ರತಿಭಾ ಪುರಸ್ಕಾರ. ಚಳಿಗಾಲದಲ್ಲಿ ವಾರ್ಷಿಕೋತ್ಸವ, ಯಕ್ಷಗಾನ, ಸ್ಮರಣ ಸಂಚಿಕೆ. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಸಂಘದ ವರ್ಷ ಸಮಾರಂಭಗಳ ದಿನಾಂಕ ಹಿಡಿದು ನಡೆಯಬಾರದು. ನಮ್ಮ ಹುಡುಗ ಹುಡುಗಿಯರ ಅರ್ಜಿ, ಪರೀಕ್ಷೆ, ಪ್ರವೇಶಗಳ ದಿನಾಂಕ ಹಿಡಿದು ನಡೆಯಬೇಕು.

ಮೊದಲು ನೋಟ್‌ಬುಕ್ಕಿನ ವಿಷಯವನ್ನೇ ನೋಡಿ. ಮುಂಬಯಿ ಪಾಲಿಕೆಯ ಶಾಲೆಗೆ ಹೋಗುವ ಮಗುವಿಗೆ ಪಾಲಿಕೆಯೇ 27 ಬಗೆಯ ವಸ್ತುಗಳನ್ನು ಉಚಿತವಾಗಿ ಕೊಡುವ ಯೋಜನೆ ಇದೆ. ಸಮವಸ್ತ್ರ, ಬೂಟು, ಚೀಲ, ನೋಟ್‌ಬುಕ್ ಎಲ್ಲವೂ ಅದರಲ್ಲೇ ಬರುತ್ತವೆ. ಹಾಗಾಗಿ ಸಂಘದ ನೋಟ್‌ಬುಕ್ ಬೇಕಾಗಿರುವುದು ಖಾಸಗಿ ಮತ್ತು ಅನುದಾನಿತ ಶಾಲೆಗಳ ಬಡ ಮಕ್ಕಳಿಗೆ. ಪಟ್ಟಿ ಮಾಡುವಾಗ ಶಾಲೆಯ ಹೆಸರಿನ ಕಾಲಮ್ಮನ್ನು ಮೊದಲು ನೋಡಿದರೆ ಖರ್ಚು ಅಲ್ಲೇ ಉಳಿಯುತ್ತದೆ. ಉಳಿದ ಹಣಕ್ಕೆ ಬೇಕಾದಷ್ಟು ಕೆಲಸ ಇದೆ.

ಆ ಕೆಲಸ ಶುರುವಾಗುವುದು ಹೆಸರಿನಿಂದ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕುಟುಂಬದ ಆಧಾರ್‌ನಲ್ಲಿ ಅಪ್ಪನ ಹೆಸರು ಒಂದೇ ಪದ, ಅಥವಾ ಮುಂದೊಂದು ಇನಿಶಿಯಲ್. ಇಲ್ಲಿನ ಶಾಲೆಯ ಜನರಲ್ ರಿಜಿಸ್ಟರ್ (ದಾಖಲಾತಿ ಪುಸ್ತಕ) ಕೇಳುವುದು ಮೂರು: ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಅಡ್ಡಹೆಸರು ಇಲ್ಲದವರಿಗೆ ಊರಿನ ಹೆಸರೋ ಜಾತಿಯ ಹೆಸರೋ ಸೇರಿಕೊಳ್ಳುತ್ತದೆ. ಯಲ್ಲಪ್ಪ ಒಂದು ಕಾಗದದಲ್ಲಿ ಇಂಗ್ಲಿಷಿನ ವೈ ಅಕ್ಷರದಿಂದ, ಇನ್ನೊಂದರಲ್ಲಿ ಇ ಅಕ್ಷರದಿಂದ. ಒಂದನೇ ಇಯತ್ತೆಯಲ್ಲಿ (ತರಗತಿಯಲ್ಲಿ) ಇದು ಯಾರಿಗೂ ಕಾಣುವುದಿಲ್ಲ. ಹತ್ತನೆಯ ನಂತರ ಜಾತಿ ದಾಖಲೆ, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ ಮೂರೂ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಹುಡುಗ ಶಾಲೆಯಲ್ಲಿ ಇರುವಾಗಲೇ ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ ಹಾಕಿ ತಿದ್ದಿಸಬಹುದು. ಶಾಲೆ ಬಿಟ್ಟ ದಾಖಲೆ ಕೈಗೆ ಬಂದ ಮೇಲೆ ಅದೇ ತಿದ್ದುಪಡಿಗೆ ಅಫಿಡವಿಟ್, ಗೆಜೆಟ್ ಎಂದು ಅಲೆಯಬೇಕಾಗುತ್ತದೆ.

ಆದ್ದರಿಂದ ಪರಿಶೀಲನೆ ಒಂಬತ್ತನೇ ಇಯತ್ತೆಯಲ್ಲೇ ನಡೆಯಲಿ. ಜನನ ಪ್ರಮಾಣಪತ್ರ, ಜನರಲ್ ರಿಜಿಸ್ಟರಿನ ನಕಲು, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಬೇಕು. ಹುಟ್ಟಿದ ತಾರೀಖನ್ನೂ ನೋಡಬೇಕು. ಒಬ್ಬ ವಿದ್ಯಾರ್ಥಿಗೆ ಅರ್ಧ ಗಂಟೆ ಸಾಕು. ಹತ್ತನೆಯ ಪರೀಕ್ಷೆಯ ಅರ್ಜಿ ತುಂಬಿದ ಮೇಲೆ ಬೋರ್ಡಿನಿಂದ ಶಾಲೆಗೆ ಪ್ರಿ-ಲಿಸ್ಟ್, ಅಂದರೆ ವಿದ್ಯಾರ್ಥಿಗಳ ವಿವರದ ಕರಡು ಪಟ್ಟಿ, ಬರುತ್ತದೆ. ಅಂಕಪಟ್ಟಿ ಅಚ್ಚಾಗುವ ಮೊದಲು ತಪ್ಪು ಹಿಡಿಯಲು ಅದು ಒಳ್ಳೆಯ ಅವಕಾಶ. ಅದನ್ನು ತಂದೆತಾಯಿ ಓದದೆ ಸಹಿ ಹಾಕುತ್ತಾರೆ, ಯಾಕೆಂದರೆ ಅದು ಇಂಗ್ಲಿಷಿನಲ್ಲಿರುತ್ತದೆ. ಆ ವಾರ ಸಂಘದ ಒಬ್ಬರು ಜೊತೆಗಿದ್ದರೆ ಸಾಕು.

ಆಧಾರ್‌ನಲ್ಲಿ ಇನ್ನೆರಡು ತೊಡಕುಗಳಿವೆ. 5 ಮತ್ತು 15 ವರ್ಷ ತುಂಬಿದಾಗ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಎರಡನೆಯದು ಸರಿಯಾಗಿ ಹತ್ತನೆಯ ಹೊತ್ತಿಗೇ ಬರುತ್ತದೆ. ಕೊಡದಿದ್ದರೆ ಮುಂದೆ ಬೆರಳೊತ್ತಿ ಗುರುತು ದೃಢಪಡಿಸಬೇಕಾದಲ್ಲಿ ಕೆಲಸ ನಿಲ್ಲುತ್ತದೆ. ಇನ್ನೊಂದು, ಬ್ಯಾಂಕಿಗೆ ಆಧಾರ್ ನಕಲು ಕೊಟ್ಟಿರುವುದು ಬೇರೆ, ಸರ್ಕಾರದ ಹಣ ಆ ಖಾತೆಗೇ ಬೀಳುವಂತೆ ಜೋಡಣೆಯಾಗಿರುವುದು ಬೇರೆ. ಊರಿನಲ್ಲಿ ಒಂದು ಖಾತೆ, ಇಲ್ಲೊಂದು ಖಾತೆ ಇದ್ದರೆ ವಿದ್ಯಾರ್ಥಿವೇತನ ಊರಿನ ಖಾತೆಗೆ ಹೋಗಿ ಕೂರುತ್ತದೆ, ಹುಡುಗ ಇಲ್ಲಿ ‘ಬಂದಿಲ್ಲ, ಬಂದಿಲ್ಲ’ ಎನ್ನುತ್ತಿರುತ್ತಾನೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಆಧಾರ್ ಜಾಲತಾಣದಲ್ಲಿ ಓಟಿಪಿ ಹಾಕಿದರೆ ತಕ್ಷಣ ಗೊತ್ತಾಗುತ್ತದೆ.

ಜಾತಿ ದಾಖಲೆಯ ವಿಷಯ ಇನ್ನೂ ಗಂಭೀರ. ಎಷ್ಟೋ ಮನೆಗಳು ಇದನ್ನು ತಿಳಿಯುವುದು ಹನ್ನೆರಡನೆಯ ನಂತರ, ಸೀಟು ಕೈತಪ್ಪಿದ ದಿನ. ಮಹಾರಾಷ್ಟ್ರದ ಮೀಸಲಾತಿ ಸಿಗಬೇಕಾದರೆ ಕುಟುಂಬ ನಿಗದಿತ ದಿನಾಂಕಕ್ಕೆ ಈ ರಾಜ್ಯದಲ್ಲಿ ನೆಲೆಸಿತ್ತು ಎಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿ ಸಮುದಾಯಗಳಿಗೆ 21 ನವೆಂಬರ್ 1961, ಇತರ ಹಿಂದುಳಿದ ವರ್ಗಗಳಿಗೆ 13 ಅಕ್ಟೋಬರ್ 1967. ಅದರ ನಂತರ ಬಂದವರ ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಓದಿದರೂ ರಾಜ್ಯದ ಮೀಸಲಾತಿಗೆ ಸೇರುವುದಿಲ್ಲ. ಪಟ್ಟಿಗಳೂ ಎರಡು ರಾಜ್ಯಗಳಲ್ಲಿ ಒಂದೇ ಅಲ್ಲ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಬಂಜಾರರೆನಿಸುವ ಅದೇ ಸಮುದಾಯ ವಿಮುಕ್ತ ಜಾತಿ. ಇದು ಸರಿಯೇ ತಪ್ಪೇ ಎಂಬ ಚರ್ಚೆ ದೊಡ್ಡದು. ನಮ್ಮ ಮಟ್ಟಿಗೆ ಇಲ್ಲೇ ಬೆಳೆದ ಮಗುವನ್ನು ಅಜ್ಜ ರೈಲು ಹತ್ತಿದ ವರ್ಷದಿಂದ ಅಳೆಯುವುದು ಅನ್ಯಾಯ. ಆದರೆ ನಿಯಮ ಇರುವವರೆಗೆ ಅದನ್ನು ಎಂಟನೇ ಇಯತ್ತೆಯಲ್ಲೇ ಮನೆಯವರಿಗೆ ಹೇಳುವುದು ಸಂಘದ ಹೊಣೆ.

ಹೇಳಿದರೆ ದಾರಿ ಸಿಗುತ್ತದೆ. ಹಳೆಯ ಕಾಲದಲ್ಲಿ ಬಂದವರಿಗೆ ಅಜ್ಜನ ಶಾಲೆಯ ದಾಖಲೆ, ಗಿರಣಿಯ ಅಥವಾ ಗೋದಿಯ (ಹಡಗುಕಟ್ಟೆಯ) ಕೆಲಸದ ಕಾಗದ, ಚಾಳಿನ ಬಾಡಿಗೆ ರಸೀದಿ ಹುಡುಕಲು ಸಮಯ ಸಿಗುತ್ತದೆ. ನಂತರ ಬಂದವರು ಮೇ ರಜೆಗೆ ಊರಿಗೆ ಹೋದಾಗ ಅಪ್ಪನ ಹೆಸರಿನ ಜಾತಿ ಪ್ರಮಾಣಪತ್ರವನ್ನು ತಹಶೀಲ್ದಾರರಿಂದ ಮಾಡಿಸಿಕೊಂಡು ಬರಬಹುದು. ಕೇಂದ್ರ ಸರ್ಕಾರದ ಸಂಸ್ಥೆ, ನೌಕರಿಗಳಿಗೆ ಅದರ ಆಧಾರದ ಮೇಲೆ ಅರ್ಜಿ ಹಾಕಬಹುದು. ಜೊತೆಗೆ ಮಹಾರಾಷ್ಟ್ರದ ಡೊಮಿಸೈಲ್‌ಗೆ (ನಿವಾಸಿ ಪ್ರಮಾಣಪತ್ರಕ್ಕೆ) 15 ವರ್ಷ ಇಲ್ಲಿ ವಾಸವಿದ್ದ ಪುರಾವೆ ಬೇಕು. ಒಂದನೆಯಿಂದ ಓದಿದ ಶಾಲೆಗಳ ದಾಖಲೆಗಳನ್ನು ಎಸೆಯಬೇಡಿ ಎಂದು ಪ್ರತಿ ಸಭೆಯಲ್ಲೂ ಹೇಳಬೇಕು.

ಹನ್ನೊಂದನೆಯ ಪ್ರವೇಶ ಈಗ ಆನ್‌ಲೈನ್, ಸುತ್ತು ಸುತ್ತಾಗಿ ನಡೆಯುತ್ತದೆ. ಮೊದಲ ಆಯ್ಕೆಯ ಕಾಲೇಜೇ ಸಿಕ್ಕಿ ನಿಗದಿತ ದಿನದೊಳಗೆ ಹೋಗಿ ಸೇರದಿದ್ದರೆ ಮುಂದಿನ ಸಾಮಾನ್ಯ ಸುತ್ತುಗಳಿಂದ ಹೊರಗೆ. ಆಗುವುದೇನೆಂದರೆ, ಸೈಬರ್ ಅಂಗಡಿಯವರು ದುಬಾರಿ, ದೂರದ ಕಾಲೇಜನ್ನು ಮೊದಲ ಸ್ಥಾನದಲ್ಲಿ ತುಂಬಿಬಿಡುತ್ತಾರೆ. ಸೀಟು ಸಿಕ್ಕಾಗ ಕುಟುಂಬ ಊರಿನಲ್ಲಿರುತ್ತದೆ. ಓಟಿಪಿ ಬರುವ ಸಿಮ್ ಅಪ್ಪನ ಹಳೆಯ ಮೊಬೈಲಿನಲ್ಲಿ. ಪರಿಹಾರ ಸರಳ. ಫಲಿತಾಂಶದ ದಿನದಿಂದ ಕೊನೆಯ ಸುತ್ತಿನವರೆಗೆ ಸಂಘದ ಕಚೇರಿ ಸಂಜೆ ತೆರೆದಿರಲಿ. ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಅರ್ಜಿಯ ನಿಯಮ ಓದಿರುವ ಇಬ್ಬರು ಇರಲಿ. ಶುಲ್ಕ, ದೂರ, ಅನುದಾನಿತವೋ ಅಲ್ಲವೋ ಎಂದು ಕೇಳಿಕೊಂಡೇ ಆಯ್ಕೆ ತುಂಬಲಿ.

ಅನುತ್ತೀರ್ಣರಾದವರನ್ನು ಯಾವ ವೇದಿಕೆಯೂ ಕರೆಯುವುದಿಲ್ಲ. ನಮಗೆ ಅತಿ ಹೆಚ್ಚು ನೋವಾಗುವ ವಿಷಯ ಇದು. ಶೇಕಡಾ 90 ತೆಗೆದ ಹುಡುಗಿಗೆ ಐದು ಸಂಘಗಳು ಹೂಗುಚ್ಛ ಕೊಡುತ್ತವೆ. ಗಣಿತದಲ್ಲಿ ನಪಾಸಾದ ಹುಡುಗ ಮರುವಾರವೇ ಡೆಲಿವರಿ ಕೆಲಸಕ್ಕೋ ಹೋಟೆಲಿಗೋ ಸೇರುತ್ತಾನೆ. ಮಹಾರಾಷ್ಟ್ರ ಬೋರ್ಡಿನ ಗಣಿತದಲ್ಲಿ ಬೀಜಗಣಿತ 40, ರೇಖಾಗಣಿತ 40, ಆಂತರಿಕ ಅಂಕ 20. ಪಾಸಾಗಲು ಒಟ್ಟು 35. ಪೂರಕ ಪರೀಕ್ಷೆ ಜೂನ್–ಜುಲೈನಲ್ಲೇ ಬರುತ್ತದೆ. ಫಲಿತಾಂಶ ಬಂದ ವಾರವೇ ಹುಡುಕಿ ಕರೆತಂದು ದಿನಕ್ಕೆ ಎರಡು ಗಂಟೆ ಪಾಠ ನಡೆಸಿದರೆ ಇದು ಕೈಗೆಟುಕದ ಗುರಿಯಲ್ಲ. ಆದರೆ ಆ ವಾರಗಳಲ್ಲಿ ಸಂಘ ಪುಸ್ತಕ ಎಣಿಸುವುದರಲ್ಲಿ ಮುಳುಗಿರುತ್ತದೆ! ಶಾಲೆಯನ್ನೇ ಬಿಟ್ಟವರಿಗೆ ಫಾರ್ಮ್ ನಂಬರ್ 17 ತುಂಬಿ ಖಾಸಗಿಯಾಗಿ ಹತ್ತನೆಯ ಪರೀಕ್ಷೆ ಬರೆಯುವ ದಾರಿ ಇದೆ. ಶಾಲೆ ಬಿಟ್ಟ ದಾಖಲೆಯ ಮೂಲ ಪ್ರತಿ ಬೇಕು. ಅರ್ಜಿ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ತುಂಬಿಸಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ನೆನಪಾದರೆ ಆ ವರ್ಷ ಹೋಯಿತು.

ಇನ್ನು ಓದುವ ಜಾಗ. ಹತ್ತು–ಹನ್ನೆರಡು ಅಡಿಯ ಖೋಲಿಯಲ್ಲಿ ಆರು ಜನ, ಟಿವಿ, ಒಲೆ. ಸಂಘದ ಸಭಾಗೃಹ ವಾರದ ಐದು ಸಂಜೆ ಬೀಗ ಹಾಕಿಕೊಂಡಿರುತ್ತದೆ. ಅದನ್ನು 7ರಿಂದ 10ರವರೆಗೆ ತೆರೆದರೆ ಅಭ್ಯಾಸಿಕೆ ಸಿದ್ಧ. ಬೆಳಕು ಬೆನ್ನ ಹಿಂದಿನಿಂದ ಬಿದ್ದು ಪುಸ್ತಕದ ಮೇಲೆ ನೆರಳಾಗದಂತೆ ಟ್ಯೂಬ್‌ಲೈಟ್ ಜಾಗ ಬದಲಿಸಬೇಕು. ಹುಡುಗಿಯರು ಬರುವುದು ನಿಂತರೆ ಮೊದಲು ಶೌಚಾಲಯದ ಚಿಲಕ ನೋಡಿ, ಆಮೇಲೆ ಹಿಂತಿರುಗುವ ಗಲ್ಲಿಯ ದೀಪ ನೋಡಿ. ಕಾರಣ ಬಹುಪಾಲು ಅಲ್ಲೇ ಇರುತ್ತದೆ.

ದೊಡ್ಡವರ ವಿಷಯದಲ್ಲಿ ಒಂದೇ ಉದಾಹರಣೆ ಕೊಡುತ್ತೇವೆ. ದಿನಗೂಲಿ ಕೆಲಸಕ್ಕಾಗಿ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ನಿಲ್ಲುವ ನಮ್ಮ ಕೂಲಿಗಳಿಗೆ ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬಹುದು. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ. ನೋಂದಣಿ ಇದ್ದರೆ ಮೊದಲ ಇಬ್ಬರು ಮಕ್ಕಳಿಗೆ ಒಂದರಿಂದ ಏಳನೆಯವರೆಗೆ ವರ್ಷಕ್ಕೆ ₹2,500, ಎಂಟರಿಂದ ಹತ್ತನೆಯವರೆಗೆ ₹5,000. ಕೆಟ್ಟುಹೋಗುವುದು 90 ದಿನದ ಪ್ರಮಾಣಪತ್ರದಲ್ಲಿ. ದಿನಕ್ಕೊಬ್ಬ ಮೇಸ್ತ್ರಿಯ ಕೆಳಗೆ ದುಡಿದವರಿಗೆ ಯಾರು ಬರೆದುಕೊಡುತ್ತಾರೆ? ಹಂಚಿ ಉಳಿದ ನೋಟ್‌ಬುಕ್ಕುಗಳನ್ನು ಇವರಿಗೆ ಕೊಡಿ. ತಾರೀಖು, ಕೆಲಸದ ಜಾಗ, ಮೇಸ್ತ್ರಿಯ ಹೆಸರು, ಮೊಬೈಲ್ ನಂಬರು, ಸಹಿ, ದಿನಕ್ಕೊಂದು ಸಾಲು. ಇದೇ ಪ್ರಮಾಣಪತ್ರವಲ್ಲ, ಆದರೆ ಗುತ್ತಿಗೆದಾರರನ್ನೋ ಅಧಿಕಾರಿಯನ್ನೋ ಕೇಳಲು ಹೋದಾಗ ಕೈಯಲ್ಲಿ ಹಿಡಿಯಲು ಲೆಕ್ಕ ಇರುತ್ತದೆ. ನೋಂದಣಿ ವರ್ಷ ವರ್ಷ ನವೀಕರಿಸಬೇಕು ಎಂಬುದನ್ನೂ ಅದರ ರಟ್ಟಿನ ಮೇಲೆ ಬರೆದುಕೊಡಿ.

ಇದಕ್ಕೆಲ್ಲ ಹಣ? ಲೆಕ್ಕಕ್ಕೆಂದು ಹೇಳುವುದಾದರೆ, 200 ಮಕ್ಕಳಿಗೆ ತಲಾ ₹600ರ ಪುಸ್ತಕದ ಕಟ್ಟು ಎಂದರೆ ₹1,20,000. ತಿಂಗಳಿಗೆ ₹10,000 ಕೊಟ್ಟು ಸಂಜೆ ಹೊತ್ತು ಒಬ್ಬ ಪದವೀಧರೆಯನ್ನು ವರ್ಷಪೂರ್ತಿ ಇಟ್ಟುಕೊಂಡರೂ ಅಷ್ಟೇ. ಮೇಲಿನ ಕೆಲಸವೆಲ್ಲ ಆಕೆಯ ಮೇಜಿನಿಂದ ನಡೆಯುತ್ತದೆ. ದಾನಿಗಳು ಸಂಬಳಕ್ಕೆ ಕೊಡಲು ಹಿಂಜರಿಯುತ್ತಾರೆ, ವಸ್ತುವಿಗೆ ಕೊಡುತ್ತಾರೆ. ಅವರಿಗೆ ಬಿಡಿಸಿ ಹೇಳುವ ಕೆಲಸ ಪದಾಧಿಕಾರಿಗಳದು. ₹2,000 ಮೀರಿದ ನಗದು ದೇಣಿಗೆಗೆ ದಾನಿಗೆ ಆದಾಯ ತೆರಿಗೆ ವಿನಾಯಿತಿ ಇಲ್ಲ ಎಂಬುದನ್ನೂ ರಸೀದಿ ಪುಸ್ತಕ ಹಿಡಿದವರು ಮೊದಲೇ ತಿಳಿಸಲಿ. ಚುನಾವಣೆಯಾಗಿ ಹೊಸ ಸಮಿತಿ ಬಂದರೆ 90 ದಿನದೊಳಗೆ ಟ್ರಸ್ಟ್‌ಗಳ ಮೇಲ್ವಿಚಾರಣೆ ನೋಡುವ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆಯ ವರದಿ ಹೋಗಬೇಕು. ಅದು ಬಾಕಿ ಉಳಿದರೆ ಬ್ಯಾಂಕಿನಲ್ಲಿ ಸಹಿ ಬದಲಾಗದೆ ವಿದ್ಯಾರ್ಥಿವೇತನದ ಚೆಕ್ಕುಗಳೇ ನಿಂತುಹೋಗುತ್ತವೆ.

ವಾರ್ಷಿಕ ವರದಿಯಲ್ಲಿ ಫೋಟೋಗಳ ಜೊತೆಗೆ ಒಂದು ಪುಟ ಹೀಗಿರಲಿ: ಎಷ್ಟು ಮಕ್ಕಳ ಹೆಸರು ತಿದ್ದಿಸಿದೆವು, ಎಷ್ಟು ಅರ್ಜಿ ತಿರಸ್ಕಾರವಾದವು, ಯಾಕೆ, ನಪಾಸಾದವರಲ್ಲಿ ಎಷ್ಟು ಮಂದಿ ಮತ್ತೆ ಕುಳಿತರು, ಎಷ್ಟು ಮಂದಿ ಕೈಬಿಟ್ಟು ಹೋದರು. ನೀವು ಯಾವುದೇ ಸಂಘದ ಸದಸ್ಯರಾಗಿದ್ದರೆ ಮಹಾಸಭೆಯ ನೋಟೀಸು ಬಂದ ಕೂಡಲೇ ಈ ಪುಟ ಬೇಕೆಂದು ಕಾರ್ಯದರ್ಶಿಗೆ ಬರಹದಲ್ಲಿ ಕೊಡಿ. ಕೊನೆಯ ಗಳಿಗೆಯ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯ’ದವರೆಗೆ ಕಾಯಬೇಡಿ, ಅಷ್ಟು ಹೊತ್ತಿಗೆ ಊಟದ ಸಾಲು ಶುರುವಾಗಿರುತ್ತದೆ.